ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಉಪಸರ್ಗಗಳ ಆಯ್ಕೆ: ಕನ್ನಡ ವಿದ್ಯಾರ್ಥಿಯ ತೊಡಕು ಮತ್ತು ಪರಿಹಾರ

ಪರಭಾಷೆಯೊಂದನ್ನು ಕಲಿಯುವವನಿಗೆ ಅದರ ದೊಡ್ಡ ಶಬ್ದಗಳು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ನಿಘಂಟನ್ನು ತೆರೆದರೆ ಅವುಗಳ ಅರ್ಥ ದೊರೆಯುತ್ತದೆ. ನಾಲ್ಕು ಬಾರಿ ಬರೆದರೆ ಅವುಗಳ ಅಕ್ಷರಜೋಡಣೆ ಕೈಗೂಡುತ್ತದೆ. ಅವನನ್ನು ಕೊನೆಯವರೆಗೂ ಕಾಡುವವು ಚಿಕ್ಕ ಶಬ್ದಗಳೇ. ಇಂಗ್ಲಿಷಿನ ‘ಇನ್’, ‘ಆನ್’, ‘ಅಟ್’, ‘ಟು’, ‘ಆಫ್’, ‘ವಿತ್’, ‘ಬೈ’, ‘ಫಾರ್’ ಮೊದಲಾದವು ಇಂತಹ ಶಬ್ದಗಳು. ಪದವಿ ಪಡೆದವರೂ ಒಂದು ಪತ್ರವನ್ನು ಬರೆಯುವಾಗ ಇವುಗಳ ಮುಂದೆ ಲೇಖನಿಯನ್ನು ತಡೆದು ನಿಲ್ಲುವುದುಂಟು.

ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧದಲ್ಲಿ ‘ಮೈ ಫಾದರ್ ವಾಸ್ ಆ್ಯಂಗ್ರಿ ಆನ್ ಮಿ’ ಎಂದು ಬರೆದನೆನ್ನಿ. ಅಧ್ಯಾಪಕರು ‘ಆನ್’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ‘ವಿತ್’ ಎಂದು ತಿದ್ದುತ್ತಾರೆ. ಹುಡುಗನು ಅಂಜುತ್ತಲೇ ಕೇಳುತ್ತಾನೆ: “ಸರ್, ಅಪ್ಪನಿಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ ಅಲ್ಲವೇ?” ಅದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: “ಇಂಗ್ಲಿಷಿನಲ್ಲಿ ಅದು ಹಾಗೆಯೇ, ಬಾಯಿಪಾಠ ಮಾಡು.”

ಈ ಉತ್ತರದಲ್ಲಿ ಅಸತ್ಯವೇನೂ ಇಲ್ಲ. ಆದರೆ ಇದರಿಂದ ಆಗುವ ಹಾನಿ ಸಣ್ಣದಲ್ಲ. ತನ್ನ ಮನೆಯ ಮಾತಿನ ಆಧಾರದ ಮೇಲೆ ಯೋಚಿಸಿದುದೇ ತಪ್ಪಾಯಿತೆಂದು ಹುಡುಗನು ತಿಳಿಯುತ್ತಾನೆ. ಕ್ರಮೇಣ ಇಂಗ್ಲಿಷ್ ಎಂಬುದು ಕಾರಣವಿಲ್ಲದ ಕಟ್ಟಳೆಗಳ ರಾಶಿಯೆಂದೂ, ಕನ್ನಡವು ಆ ದಾರಿಯಲ್ಲಿ ಬಿದ್ದಿರುವ ಕಲ್ಲೆಂದೂ ಅವನ ಮನಸ್ಸಿನಲ್ಲಿ ಬೇರೂರುತ್ತದೆ. ಹಳ್ಳಿಯಿಂದ ಬಂದ ಮಕ್ಕಳು ಇಂಗ್ಲಿಷ್ ಪತ್ರಿಕೆಗೆ ಅಂಜುವುದಕ್ಕೆ ಈ ಭಾವನೆಯೂ ಒಂದು ಕಾರಣ. ವಸ್ತುತಃ ಆ ಹುಡುಗನ ಪ್ರಶ್ನೆಯು ಉತ್ತಮ ಪ್ರಶ್ನೆ. ತಪ್ಪು ಹುಟ್ಟಿದುದು ಮಾತೃಭಾಷೆಯಿಂದ ಎಂಬುದು ನಿಜ. ಆ ತಪ್ಪನ್ನು ತಿದ್ದುವ ಉಪಕರಣವೂ ಮಾತೃಭಾಷೆಯೇ ಎಂಬುದು ಅಷ್ಟೇ ನಿಜ.

ಹೆಸರು ಮತ್ತು ಸ್ವರೂಪ

ಇಂಗ್ಲಿಷಿನ ‘ಪ್ರಿಪೊಸಿಷನ್’ ಎಂಬುದನ್ನು ಶಾಲೆಗಳಲ್ಲಿ ‘ಉಪಸರ್ಗ’ವೆಂದು ಕರೆಯುವ ರೂಢಿಯಿದೆ. ಸಂಸ್ಕೃತ ವ್ಯಾಕರಣದಲ್ಲಿ ಉಪಸರ್ಗವೆಂದರೆ ಧಾತುವಿನ ಹಿಂದೆ ಬಂದು ಅಂಟಿಕೊಳ್ಳುವ ‘ಪ್ರ’, ‘ಪರಾ’, ‘ಸಂ’, ‘ವಿ’ ಮುಂತಾದವು. ಇಂಗ್ಲಿಷಿನ ಶಬ್ದಗಳಾದರೋ ನಾಮಪದದ ಹಿಂದೆ ಪ್ರತ್ಯೇಕವಾಗಿ ನಿಲ್ಲುತ್ತವೆ. ಆದ್ದರಿಂದ ಎರಡೂ ಒಂದೇ ಅಲ್ಲ. ಆದರೂ ಈ ಹೆಸರು ಸರ್ವಥಾ ಅನುಚಿತವೆನ್ನುವಂತಿಲ್ಲ. ‘ಹಾರ’ ಎಂಬ ಒಂದೇ ರೂಪವು ಉಪಸರ್ಗಗಳ ಸಹವಾಸದಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂದು ಅರ್ಥವನ್ನೇ ಬದಲಿಸಿಕೊಳ್ಳುತ್ತದೆ. ಅದರಂತೆಯೇ ಇಂಗ್ಲಿಷಿನ ‘ಲುಕ್’ ಎಂಬ ಕ್ರಿಯಾಪದವು ‘ಲುಕ್ ಅಟ್’ ಎಂದಾಗ ನೋಡುವುದು, ‘ಲುಕ್ ಫಾರ್’ ಎಂದಾಗ ಹುಡುಕುವುದು, ‘ಲುಕ್ ಆಫ್ಟರ್’ ಎಂದಾಗ ಪೋಷಿಸುವುದು, ‘ಲುಕ್ ಇನ್‌ಟು’ ಎಂದಾಗ ವಿಚಾರಣೆ ನಡೆಸುವುದು. ಪ್ರಹಾರವನ್ನೂ ಪರಿಹಾರವನ್ನೂ ಗೊಂದಲವಿಲ್ಲದೆ ಬಳಸುವ ವಿದ್ಯಾರ್ಥಿಗೆ ಈ ಮಾತು ಹೊಸದಾಗಿ ತೋರಬೇಕಾಗಿಲ್ಲ.

ಕನ್ನಡದಲ್ಲಿ ನಾಮಪದಕ್ಕೂ ಕ್ರಿಯೆಗೂ ಇರುವ ಸಂಬಂಧವನ್ನು ವಿಭಕ್ತಿ ಪ್ರತ್ಯಯಗಳು ತಿಳಿಸುತ್ತವೆ. ಅವು ಪದದ ಕೊನೆಗೆ ಸೇರುತ್ತವೆ. ಇಂಗ್ಲಿಷಿನಲ್ಲಿ ಅದೇ ಕೆಲಸವನ್ನು ಪದದ ಹಿಂದೆ ನಿಲ್ಲುವ ಈ ಚಿಕ್ಕ ಶಬ್ದಗಳು ಮಾಡುತ್ತವೆ. ಹಿಂದೆ ಇಂಗ್ಲಿಷ್ ಕೂಡ ವಿಭಕ್ತಿಗಳಿದ್ದ ಭಾಷೆಯೇ ಆಗಿತ್ತು. ಸುಮಾರು 1000 ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ನಾಮಪದಗಳು ಪ್ರಥಮಾ, ದ್ವಿತೀಯಾ, ಷಷ್ಠೀ, ಚತುರ್ಥೀ ಮುಂತಾದ ವಿಭಕ್ತಿಗಳಿಗೆ ತಕ್ಕಂತೆ ತಮ್ಮ ಕೊನೆಗಳನ್ನು ಬದಲಿಸುತ್ತಿದ್ದವು. ಉಚ್ಚಾರಣೆಯಲ್ಲಿ ಆ ಅಂತ್ಯಾಕ್ಷರಗಳು ಸವೆಯತೊಡಗಿ, 15ನೆಯ ಶತಮಾನದ ಹೊತ್ತಿಗೆ ಬಹುಮಟ್ಟಿಗೆ ಅಳಿದುಹೋದವು. ಷಷ್ಠಿಯ ‘ಎಸ್’ ಮತ್ತು ‘ಹಿಮ್’, ‘ದೆಮ್’ ಮುಂತಾದ ಸರ್ವನಾಮ ರೂಪಗಳು ಆ ಕಾಲದ ಕುರುಹುಗಳಾಗಿ ಇಂದಿಗೂ ಉಳಿದಿವೆ. ಪ್ರತ್ಯಯಗಳು ಹೊರುತ್ತಿದ್ದ ಭಾರವು ಕಾಲಕ್ರಮದಲ್ಲಿ ಉಪಸರ್ಗಗಳ ಮೇಲೂ ಪದಕ್ರಮದ ಮೇಲೂ ಬಿದ್ದಿತು. ಕೆಲವೇ ಶಬ್ದಗಳು ಅನೇಕ ಅರ್ಥಗಳನ್ನು ಹೊರಬೇಕಾಗಿ ಬಂದುದರ ಗುಟ್ಟು ಇಲ್ಲಿದೆ.

ಒಂದು ಪ್ರತ್ಯಯ, ಹಲವು ಉಪಸರ್ಗಗಳು

ಕನ್ನಡ ವಿದ್ಯಾರ್ಥಿಯ ತಪ್ಪುಗಳಿಗೆ ಮೊದಲನೆಯ ಮೂಲ, ಕನ್ನಡದ ಒಂದು ಪ್ರತ್ಯಯಕ್ಕೆ ಇಂಗ್ಲಿಷಿನ ಒಂದು ಉಪಸರ್ಗವನ್ನು ಗಂಟುಹಾಕುವುದು. ‘ಇಂದ’ ಎಂದರೆ ‘ಫ್ರಮ್’ ಎಂದು ಅವನು ಆರಂಭದಲ್ಲಿಯೇ ಕಲಿತಿರುತ್ತಾನೆ. ಈಗ ಈ ಏಳು ಪ್ರಯೋಗಗಳನ್ನು ಪರಿಶೀಲಿಸಬಹುದು: ಊರಿನಿಂದ ಬಂದನು, ಕೊಡಲಿಯಿಂದ ಕಡಿದನು, ರಾಮನಿಂದ ಹತನಾದನು, ಸೋಮವಾರದಿಂದ ಮಲಗಿದ್ದಾನೆ, ಎರಡು ವರ್ಷಗಳಿಂದ ಇಲ್ಲಿದ್ದಾನೆ, ಮರದಿಂದ ಮಾಡಿದ ಮೇಜು, ಕಾಲರಾ ರೋಗದಿಂದ ಸತ್ತನು. ಕನ್ನಡದಲ್ಲಿ ಏಳು ಕಡೆಯೂ ‘ಇಂದ’ ಎಂಬುದೇ ಸಾಕು. ಇಂಗ್ಲಿಷಿನಲ್ಲಿ ಕ್ರಮವಾಗಿ ‘ಫ್ರಮ್’, ‘ವಿತ್’, ‘ಬೈ’, ‘ಸಿನ್ಸ್’, ‘ಫಾರ್’, ‘ಆಫ್’, ‘ಆಫ್’ ಬರುತ್ತವೆ. ಹೊರಟ ಸ್ಥಳಕ್ಕೆ ಒಂದು, ಕೈಯಲ್ಲಿ ಹಿಡಿದ ಉಪಕರಣಕ್ಕೆ ಒಂದು, ಕೆಲಸ ಮಾಡಿದ ಕರ್ತೃವಿಗೆ ಒಂದು, ಕಾಲದ ಆರಂಭಬಿಂದುವಿಗೆ ಒಂದು, ಕಾಲದ ಅವಧಿಗೆ ಇನ್ನೊಂದು. ಹೀಗೆ ಬೇರ್ಪಡಿಸಿ ತೋರಿಸಿದೊಡನೆ ‘ಸಿನ್ಸ್ ಟೂ ಇಯರ್ಸ್’ ಎಂಬ ಸರ್ವತ್ರ ಕೇಳಿಬರುವ ತಪ್ಪಿನ ಕಾರಣ ಬಯಲಾಗುತ್ತದೆ. ಸೋಮವಾರವು ಎಣಿಕೆ ಆರಂಭವಾದ ಗಳಿಗೆ, ಎರಡು ವರ್ಷಗಳು ಎಣಿಕೆಯ ಮೊತ್ತ. ಕನ್ನಡವು ಈ ಭೇದವನ್ನು ಪ್ರತ್ಯಯದಲ್ಲಿ ತೋರಿಸುವುದಿಲ್ಲ, ಇಂಗ್ಲಿಷ್ ತೋರಿಸುತ್ತದೆ.

ಸಪ್ತಮಿಯ ‘ಅಲ್ಲಿ’ ಎಂಬುದರ ಗತಿಯೂ ಹೀಗೆಯೇ. ಪೆಟ್ಟಿಗೆಯಲ್ಲಿ ಇರುವುದಕ್ಕೆ ‘ಇನ್’, ಗೋಡೆಯಲ್ಲಿ ತೂಗುವ ಚಿತ್ರಕ್ಕೆ ‘ಆನ್’, ಬಾಗಿಲಲ್ಲಿ ನಿಂತವನಿಗೆ ‘ಅಟ್’. ಒಳಗಿನ ಆವರಣ, ಮೇಲ್ಮೈಯ ಸ್ಪರ್ಶ, ಒಂದು ಬಿಂದು ಎಂಬ ಮೂರು ಕಲ್ಪನೆಗಳು ಇವುಗಳಲ್ಲಿ ಅಡಗಿವೆ. ಕಾಲವನ್ನು ಹೇಳುವಾಗಲೂ ಇದೇ ಕಲ್ಪನೆಯು ಮುಂದುವರಿಯುತ್ತದೆ. ಜುಲೈ ತಿಂಗಳು, 1956ನೆಯ ವರ್ಷ ಇವು ಆವರಣಗಳಂತೆ, ಆದ್ದರಿಂದ ‘ಇನ್’; ಸೋಮವಾರ, 1ನೆಯ ನವೆಂಬರ್ ಎಂಬ ದಿನಗಳಿಗೆ ‘ಆನ್’; ಐದು ಗಂಟೆ ಎಂಬ ಗಳಿಗೆಯು ಬಿಂದು, ಆದ್ದರಿಂದ ‘ಅಟ್’. ಈ ಸೂತ್ರವು ಎಲ್ಲ ಸಂದರ್ಭಗಳಿಗೂ ಅನ್ವಯಿಸಲಾರದು. ‘ಅಟ್ ನೈಟ್’ ಎಂಬುದು ಇದಕ್ಕೆ ಅಪವಾದ. ಆದರೆ ಹತ್ತರಲ್ಲಿ ಎಂಟು ಕಡೆ ಕೈಹಿಡಿಯುವ ಸೂತ್ರವನ್ನು ಎರಡು ಅಪವಾದಗಳಿಗಾಗಿ ಬಿಡುವುದು ಜಾಣತನವಲ್ಲ.

ಬೇಡದ ಕಡೆ ಸೇರುವ ಉಪಸರ್ಗ

ಎರಡನೆಯ ಬಗೆಯ ತಪ್ಪು ಇದಕ್ಕೆ ವಿರುದ್ಧವಾದುದು. ಕನ್ನಡದಲ್ಲಿ ಚತುರ್ಥೀ ವಿಭಕ್ತಿಯೋ ‘ಬಗ್ಗೆ’, ‘ಒಡನೆ’ ಎಂಬ ಶಬ್ದವೋ ಬರುವ ಕಡೆ ಇಂಗ್ಲಿಷ್ ಕ್ರಿಯಾಪದವು ನೇರವಾಗಿ ಕರ್ಮವನ್ನು ಹಿಡಿಯುತ್ತದೆ. ‘ವಿಷಯದ ಬಗ್ಗೆ ಚರ್ಚಿಸಿದರು’ ಎಂಬುದರಿಂದ ‘ಡಿಸ್ಕಸ್ ಅಬೌಟ್’ ಹುಟ್ಟುತ್ತದೆ; ‘ಊರಿಗೆ ತಲುಪಿದನು’ ಎಂಬುದರಿಂದ ‘ರೀಚ್ ಟು’; ‘ಅವಳೊಡನೆ ಮದುವೆಯಾದನು’ ಎಂಬುದರಿಂದ ‘ಮ್ಯಾರಿ ವಿತ್’. ‘ಡಿಸ್ಕಸ್’, ‘ರೀಚ್’, ‘ಮ್ಯಾರಿ’, ‘ಒಬೇ’, ‘ರಿಸೆಂಬಲ್’ ಎಂಬ ಕ್ರಿಯಾಪದಗಳಿಗೆ ಉಪಸರ್ಗದ ಆಸರೆ ಬೇಡ.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಅದೇ ಶಬ್ದವು ನಾಮಪದವಾದಾಗ ಉಪಸರ್ಗವನ್ನು ಬೇಡುವುದುಂಟು. ಚರ್ಚಿಸು ಎಂಬರ್ಥದ ‘ಡಿಸ್ಕಸ್’ಗೆ ‘ಅಬೌಟ್’ ಬೇಡ. ಚರ್ಚೆ ಎಂಬರ್ಥದ ‘ಡಿಸ್ಕಷನ್’ ಎಂಬುದಕ್ಕೆ ‘ಅಬೌಟ್’ ಅಥವಾ ‘ಆನ್’ ಸಲ್ಲುತ್ತದೆ. ರಜೆಯನ್ನು ಕೋರು ಎನ್ನುವಾಗ ‘ರಿಕ್ವೆಸ್ಟ್’ ಒಂದೇ ಸಾಕು. ರಜೆಗಾಗಿ ಕೋರಿಕೆ ಎನ್ನುವಾಗ ‘ರಿಕ್ವೆಸ್ಟ್ ಫಾರ್’ ಸರಿ. ವಿದ್ಯಾರ್ಥಿಯು ನಾಮಪದದಲ್ಲಿ ಕಂಡ ಉಪಸರ್ಗವನ್ನು ಕ್ರಿಯಾಪದಕ್ಕೂ ಸೇರಿಸುತ್ತಾನೆ. ಇದು ಅಜಾಗರೂಕತೆಯಲ್ಲ, ಸಾದೃಶ್ಯದ ಮೇಲೆ ಮಾಡಿದ ಊಹೆ; ಊಹೆ ಈ ಕಡೆ ಫಲಿಸಲಿಲ್ಲ, ಅಷ್ಟೆ.

ಹಾಗೆಯೇ ‘ಡಿಪೆಂಡೆಂಟ್’ ಎಂದಾಗ ‘ಆನ್’ ಬರುತ್ತದೆ; ಅದರ ವಿರುದ್ಧಪದವಾದ ‘ಇಂಡಿಪೆಂಡೆಂಟ್’ ಎಂದಾಗ ‘ಆಫ್’. ಒಂದರಿಂದ ಇನ್ನೊಂದನ್ನು ಊಹಿಸಲಾಗದು. ಇಂತಹ ಶಬ್ದಗಳನ್ನು ಕಲಿಸುವಾಗ ಎರಡನ್ನೂ ಒಟ್ಟಿಗೆ ಬರೆಸಿ ವ್ಯತ್ಯಾಸವನ್ನು ಎತ್ತಿ ತೋರಿಸುವುದೇ ಲೇಸು.

ರೂಢಿಯ ಹಿಂದಿರುವ ಕಾರಣ

ನುಡಿಗಟ್ಟೆಂದರೆ ಕಾರಣವಿಲ್ಲದ ರೂಢಿಯೆಂಬ ಭಾವನೆ ಬಲವಾಗಿದೆ. ಅನೇಕ ಕಡೆ ಕಾರಣವುಂಟು. ಆದರೆ ಅದು ಶಬ್ದದ ಚರಿತ್ರೆಯಲ್ಲಿ ಹೂತಿರುತ್ತದೆ.

‘ಗಿಂತ’ ಎಂಬುದಕ್ಕೆ ‘ದ್ಯಾನ್’ ಎಂದು ಕಲಿತ ವಿದ್ಯಾರ್ಥಿಯು ‘ಸೀನಿಯರ್ ದ್ಯಾನ್’, ‘ಸುಪೀರಿಯರ್ ದ್ಯಾನ್’ ಎಂದು ಬರೆಯುತ್ತಾನೆ. ಇಲ್ಲಿ ‘ಟು’ ಬರಬೇಕು. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಯರ್ ಇವು ಲ್ಯಾಟಿನ್ ಭಾಷೆಯಿಂದ ಬಂದ ಶಬ್ದಗಳು. ಆ ಭಾಷೆಯಲ್ಲಿ ಇವೆಲ್ಲ ತರತಮ ರೂಪಗಳೇ ಆಗಿದ್ದವು. ಕೊನೆಯ ‘ಅರ್’ ಎಂಬ ಸದ್ದು ಅದರ ಗುರುತು. ಇಂಗ್ಲಿಷಿಗೆ ಬಂದ ಮೇಲೂ ಇವು ದೇಶೀಯ ಶಬ್ದಗಳೊಡನೆ ‘ದ್ಯಾನ್’ನ ಪಂಕ್ತಿಯಲ್ಲಿ ಕೂರಲಿಲ್ಲ. ಇದೇ ಮೂಲದ ‘ಪ್ರಿಫರ್’ ಕೂಡ ಇವುಗಳ ಜೊತೆಗೇ ಸೇರುತ್ತದೆ: ಕಾಫಿಗಿಂತ ಚಹವನ್ನು ಇಷ್ಟಪಡುವವನು ‘ಪ್ರಿಫರ್ಸ್ ಟೀ ಟು ಕಾಫಿ’. ಒಂದು ಕುಟುಂಬವೆಂದು ಪರಿಚಯ ಮಾಡಿಸಿದರೆ ಆರು ಶಬ್ದಗಳನ್ನು ಬೇರೆ ಬೇರೆಯಾಗಿ ನೆನಪಿಡುವ ಕಷ್ಟ ತಪ್ಪುತ್ತದೆ.

‘ಅವನಿಂದ ಹಣವನ್ನು ಕಸಿದರು’ ಎಂಬುದನ್ನು ಇಂಗ್ಲಿಷ್ ‘ದೆ ರಾಬ್ಡ್ ಹಿಮ್ ಆಫ್ ಹಿಸ್ ಮನಿ’ ಎನ್ನುತ್ತದೆ. ‘ಆಫ್’ ಎಂದರೆ ಷಷ್ಠಿಯ ‘ಅ’ ಎಂದು ಕಲಿತವನಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಆದರೆ ಒಂದು ‘ಎಫ್’ ಅಕ್ಷರದ ‘ಆಫ್’, ಎರಡು ‘ಎಫ್’ ಅಕ್ಷರಗಳ ‘ಆಫ್’ ಇವೆರಡೂ ಹಳೆಯ ಇಂಗ್ಲಿಷಿನಲ್ಲಿ ಒಂದೇ ಶಬ್ದವಾಗಿದ್ದವು. ಅದರ ಅರ್ಥ ‘ದೂರಕ್ಕೆ’, ‘ಅಲ್ಲಿಂದ ಆಚೆಗೆ’ ಎಂದು. ‘ರಾಬ್’, ‘ಡಿಪ್ರೈವ್’, ‘ಕ್ಯೂರ್’, ‘ರಿಡ್’ ಎಂಬ ಶಬ್ದಗಳ ಸಂಗಡ ಆ ಹಳೆಯ ಅರ್ಥವೇ ಇನ್ನೂ ಉಸಿರಾಡುತ್ತಿದೆ. ಹಣ ದೂರವಾಗುವುದಕ್ಕೂ ರೋಗ ದೂರವಾಗುವುದಕ್ಕೂ ಒಂದೇ ‘ಆಫ್’ ಬಂದುದು ಹೀಗೆ.

‘ವಿತ್’ ಎಂಬುದರ ಮೊದಲ ಅರ್ಥವಂತೂ ಇಂದಿನದಕ್ಕೆ ವಿರುದ್ಧವಾಗಿತ್ತು. ಹಳೆಯ ಇಂಗ್ಲಿಷಿನಲ್ಲಿ ಅದು ‘ಎದುರಾಗಿ’ ಎಂಬುದನ್ನು ಸೂಚಿಸುತ್ತಿತ್ತು. ಎದುರಿಸಿ ನಿಲ್ಲುವುದಕ್ಕೆ ‘ವಿತ್‌ಸ್ಟ್ಯಾಂಡ್’ ಎಂಬ ಶಬ್ದವೂ, ಶತ್ರುವಿನೊಡನೆ ಕಾದುವುದಕ್ಕೆ ‘ಫೈಟ್ ವಿತ್’ ಎಂಬ ಪ್ರಯೋಗವೂ ಆ ಅರ್ಥವನ್ನು ಕಾಪಾಡಿಕೊಂಡಿವೆ. ಕನ್ನಡದಲ್ಲಿಯೂ ಮಿತ್ರನೊಡನೆ ನಡೆಯುವುದಕ್ಕೂ ಶತ್ರುವಿನೊಡನೆ ಕಾದುವುದಕ್ಕೂ ‘ಒಡನೆ’ ಎಂಬುದೇ ಬರುತ್ತದೆಯಲ್ಲವೇ?

ಅರ್ಥವೇ ಬದಲಾಗುವ ಪ್ರಸಂಗಗಳು

ಕೆಲವು ಕಡೆ ಉಪಸರ್ಗದ ತಪ್ಪು ಬರಿಯ ವ್ಯಾಕರಣದೋಷವಾಗಿ ಉಳಿಯದೆ ಅರ್ಥವನ್ನೇ ಕೆಡಿಸುತ್ತದೆ. ಇಂತಹ ಕಡೆ ಅಧ್ಯಾಪಕರು ಹೆಚ್ಚಿನ ಎಚ್ಚರ ವಹಿಸಬೇಕು. ಸಂತೋಷದ ಸಂಗತಿಯೆಂದರೆ, ಅನೇಕ ವೇಳೆ ಇಲ್ಲಿ ಕನ್ನಡವೇ ದೀಪ ಹಿಡಿಯುತ್ತದೆ.

ಪುಸ್ತಕವನ್ನು ಎರವಲು ಪಡೆದವನು ‘ಸೋಮವಾರದೊಳಗೆ ಹಿಂದಿರುಗಿಸುತ್ತೇನೆ’ ಎನ್ನುತ್ತಾನೆ. ‘ಸೋಮವಾರದವರೆಗೆ ಇಟ್ಟುಕೊಳ್ಳುತ್ತೇನೆ’ ಎಂದೂ ಹೇಳಬಹುದು. ಮೊದಲನೆಯದಕ್ಕೆ ‘ಬೈ’, ಎರಡನೆಯದಕ್ಕೆ ‘ಟಿಲ್’. ‘ಒಳಗೆ’ ಮತ್ತು ‘ವರೆಗೆ’ ಎಂಬ ಭೇದ ತಿಳಿದ ಮಗುವಿಗೆ ಈ ಎರಡು ಶಬ್ದಗಳನ್ನು ಬೇರ್ಪಡಿಸಲು ಎರಡು ನಿಮಿಷ ಸಾಕು. ಆದರೂ ‘ಟಿಲ್’ ಎಂಬುದನ್ನು ಎರಡೂ ಕಡೆ ಬಳಸುವವರು ಕಾಣಸಿಗುತ್ತಾರೆ. ಕಾರಣ, ಅವರಿಗೆ ಕನ್ನಡದ ಭೇದವನ್ನು ಯಾರೂ ನೆನಪಿಸಿರುವುದಿಲ್ಲ. ಅದರಂತೆ ‘ಅವನ ಮೇಲೆ ಚೆಂಡನ್ನೆಸೆದನು’ ಎಂದರೆ ಪೆಟ್ಟು ಹಾಕುವ ಉದ್ದೇಶ, ಇಂಗ್ಲಿಷಿನಲ್ಲಿ ‘ಅಟ್’. ‘ಅವನಿಗೆ ಚೆಂಡನ್ನೆಸೆದನು’ ಎಂದರೆ ಹಿಡಿಯಲೆಂಬ ಉದ್ದೇಶ, ಇಂಗ್ಲಿಷಿನಲ್ಲಿ ‘ಟು’.

ಕನ್ನಡವು ನೇರವಾಗಿ ನೆರವಾಗದ ಕಡೆಯೂ ವಿವರಣೆಯಿಂದ ಕೆಲಸವಾಗುತ್ತದೆ. ‘ಆನ್ ಟೈಮ್’ ಎಂದರೆ ಗೊತ್ತುಪಡಿಸಿದ ವೇಳೆಗೆ ಸರಿಯಾಗಿ; ‘ಇನ್ ಟೈಮ್’ ಎಂದರೆ ಕೆಲಸ ಕೆಡುವುದಕ್ಕೆ ಮುಂಚೆ. ರೈಲುಗಾಡಿ ಬರುವುದು ‘ಆನ್ ಟೈಮ್’. ರೋಗಿಯ ಪ್ರಾಣವುಳಿಸಲು ವೈದ್ಯರು ಬರಬೇಕಾದುದು ‘ಇನ್ ಟೈಮ್’. ವ್ಯಕ್ತಿಯ ಅಭಿಪ್ರಾಯವನ್ನು ತಾನೂ ಹೊಂದಿರುವುದು ‘ಅಗ್ರೀ ವಿತ್’. ಮುಂದಿಟ್ಟ ಸಲಹೆಗೆ ಸಮ್ಮತಿ ಕೊಡುವುದು ‘ಅಗ್ರೀ ಟು’. ಮನುಷ್ಯನೊಡನೆ ಒಮ್ಮತವಿಲ್ಲದೆಯೂ ಅವನ ಸಲಹೆಗೆ ಸಮ್ಮತಿಸುವುದು ಲೋಕದಲ್ಲಿ ನಿತ್ಯವೂ ನಡೆಯುವ ವ್ಯವಹಾರವಾದುದರಿಂದ ಈ ಭೇದವು ಉಪಯುಕ್ತವೇ ಸರಿ.

ಕೆಂಪು ಶಾಯಿಗೆ ಮುನ್ನ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಅಗತ್ಯ. ಎಲ್ಲ ಕಡೆಯೂ ಒಂದೇ ಉಪಸರ್ಗ ಸರಿಯೆಂದು ತಿಳಿಯಬಾರದು. ‘ಡಿಫರೆಂಟ್’ ಎಂಬುದರ ಮುಂದೆ ‘ಫ್ರಮ್’ ಬರುವುದು ಎಲ್ಲೆಡೆ ಮಾನ್ಯ. ಇಂಗ್ಲೆಂಡಿನಲ್ಲಿ ‘ಟು’ ಎಂಬುದೂ, ಅಮೆರಿಕದಲ್ಲಿ ‘ದ್ಯಾನ್’ ಎಂಬುದೂ ಬಳಕೆಯಲ್ಲಿವೆ. ‘ಫ್ರಮ್’ ಒಂದೇ ಶುದ್ಧವೆಂಬ ಹಟವನ್ನು ಎಚ್. ಡಬ್ಲ್ಯು. ಫೌಲರ್ ಅವರು 1926ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಪ್ರಯೋಗಕೋಶದಲ್ಲಿ ಮೂಢನಂಬಿಕೆಯೆಂದೇ ಕರೆದಿದ್ದಾರೆ. ವಾರದ ಕೊನೆಯನ್ನು ಹೇಳುವಾಗ ಇಂಗ್ಲೆಂಡಿನವರು ‘ಅಟ್’ ಎನ್ನುತ್ತಾರೆ, ಅಮೆರಿಕದವರು ‘ಆನ್’ ಎನ್ನುತ್ತಾರೆ. ಆದಕಾರಣ ಅಧ್ಯಾಪಕರು ಕೆಂಪು ಗೆರೆ ಎಳೆಯುವ ಮುನ್ನ ಉತ್ತಮ ನಿಘಂಟೊಂದನ್ನು ನೋಡುವುದು ಹಿತ.

ಈ ವಿಷಯದಲ್ಲಿ ಎ. ಎಸ್. ಹಾರ್ನ್‌ಬಿ ಅವರ ಶ್ರಮವು ಸ್ಮರಣೀಯವಾದುದು. ಅವರು ಜಪಾನಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದಾಗ ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋ ನಗರದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯವು ಅದನ್ನು ಹೊರತಂದಿತು. ಶಬ್ದದ ಅರ್ಥವನ್ನಷ್ಟೇ ಹೇಳಿ ನಿಲ್ಲದೆ, ಅದು ವಾಕ್ಯದಲ್ಲಿ ಯಾವ ಸಂಗಡಿಗ ಶಬ್ದಗಳೊಡನೆ ನಡೆಯುತ್ತದೆ ಎಂಬುದನ್ನು ಪರದೇಶದ ವಿದ್ಯಾರ್ಥಿಗೆ ತೋರಿಸುವುದು ಅದರ ವಿಶೇಷ. ಜಪಾನೀ ಭಾಷೆಯೂ ಕನ್ನಡದಂತೆ ಸಂಬಂಧಸೂಚಕಗಳನ್ನು ನಾಮಪದದ ಕೊನೆಗೆ ಇಡುವ ಭಾಷೆ. ಅಲ್ಲಿಯ ತರಗತಿಗಳ ಅನುಭವದಿಂದ ಮೂಡಿದ ಗ್ರಂಥವು ಕನ್ನಡ ನಾಡಿನ ತರಗತಿಗಳಿಗೂ ಹೊಂದಿಕೊಂಡುದರಲ್ಲಿ ಆಶ್ಚರ್ಯವಿಲ್ಲ.

ಕನ್ನಡದ ಕನ್ನಡಿಯಲ್ಲಿ

ರೂಢಿಯು ಇಂಗ್ಲಿಷಿನ ಸ್ವತ್ತು ಮಾತ್ರವಲ್ಲ. ಕನ್ನಡಿಗನು ‘ಹುಲಿಗೆ ಹೆದರಿದನು’ ಎನ್ನುತ್ತಾನೆ. ಹೆದರಿಕೆಗೆ ಕಾರಣವಾದುದಕ್ಕೆ ಸಂಸ್ಕೃತವು ಪಂಚಮಿಯನ್ನು ವಿಧಿಸುತ್ತದೆ. ಇಂಗ್ಲಿಷ್ ‘ಆಫ್’ ಎನ್ನುತ್ತದೆ. ಕನ್ನಡವು ಚತುರ್ಥಿಯನ್ನು ಬಳಸುತ್ತದೆ. ಹುಲಿ ಒಂದೇ, ಹೆದರಿಕೆಯೂ ಒಂದೇ. ಮೂರು ಭಾಷೆಗಳು ಅದನ್ನು ಮೂರು ದಿಕ್ಕಿನಿಂದ ಕಾಣುತ್ತವೆ. ಕನ್ನಡ ವ್ಯಾಕರಣದಲ್ಲಿ ‘ವಿಭಕ್ತಿ ಪಲ್ಲಟ’ ಎಂಬ ಪ್ರಕರಣವೇ ಇದೆ. ‘ಬೆಟ್ಟವನ್ನು ಹತ್ತಿದನು’ ಎನ್ನಬೇಕಾದ ಕಡೆ ‘ಬೆಟ್ಟಕ್ಕೆ ಹತ್ತಿದನು’ ಎಂಬ ಪ್ರಯೋಗವೂ, ‘ಊರನ್ನು ಸೇರಿದನು’ ಎನ್ನುವ ಕಡೆ ‘ಊರಿಗೆ ಸೇರಿದನು’ ಎಂಬ ಪ್ರಯೋಗವೂ ನಡೆಯುತ್ತವೆ. ಚಪ್ಪಲಿಯನ್ನು ಕಾಲಿಗೆ ಹಾಕಿಕೊಳ್ಳುತ್ತಾರೆ. ಉಂಗುರವನ್ನು ಬೆರಳಿಗೆ ತೊಡುತ್ತಾರೆ. ಚತುರ್ಥಿಯೇ ಏಕೆಂದು ಯಾರೂ ಕೇಳುವುದಿಲ್ಲ. ಕನ್ನಡ ಕಲಿಯಬಂದ ಅನ್ಯಭಾಷಿಕನು ಇಲ್ಲಿ ಎಡವಿದರೆ ಯಾರೂ ಅವನನ್ನು ದಡ್ಡನೆನ್ನುವುದಿಲ್ಲ. ಆ ಔದಾರ್ಯವು ಇಂಗ್ಲಿಷ್ ಬರೆಯುವ ಮಗುವಿಗೂ ಸಲ್ಲಬೇಕು.

ಬೋಧನೆಯ ಕ್ರಮ

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಶಬ್ದವನ್ನು ಒಂಟಿಯಾಗಿ ಕಲಿಸದೆ ಅದರ ಉಪಸರ್ಗದೊಡನೆಯೇ ಕಲಿಸಬೇಕು. ‘ಅಫ್ರೇಡ್’ ಎಂದು ಕರಿಹಲಗೆಯ ಮೇಲೆ ಬರೆಯುವ ಬದಲು ‘ಅಫ್ರೇಡ್ ಆಫ್’ ಎಂದೂ, ‘ಫಾಂಡ್’ ಎಂಬುದಕ್ಕೆ ಬದಲು ‘ಫಾಂಡ್ ಆಫ್’ ಎಂದೂ ಬರೆದರೆ ಜೋಡಿಯು ಒಂದೇ ಶಬ್ದದಂತೆ ಮನಸ್ಸಿನಲ್ಲಿ ನಿಲ್ಲುತ್ತದೆ. ಎರಡನೆಯದಾಗಿ, ಬಿಟ್ಟ ಸ್ಥಳ ತುಂಬುವ ಅಭ್ಯಾಸಕ್ಕಿಂತ ಪೂರ್ಣ ವಾಕ್ಯಗಳನ್ನು ಗಟ್ಟಿಯಾಗಿ ಓದಿಸುವ ಅಭ್ಯಾಸಕ್ಕೆ ಹೆಚ್ಚು ಕಾಲ ಮೀಸಲಿಡಬೇಕು. ಮನೆಯಲ್ಲಿ ಮಗುವು ಕನ್ನಡವನ್ನು ಕಲಿತದ್ದು ಕಿವಿಯಿಂದಲೇ. ಮೂರನೆಯದಾಗಿ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ತಪ್ಪುಗಳಿಗಾಗಿಯೇ ಒಂದು ಟಿಪ್ಪಣಿ ಪುಸ್ತಕವನ್ನು ಇಟ್ಟುಕೊಂಡು, ಒಂದು ಕಡೆ ಕನ್ನಡ ವಾಕ್ಯವನ್ನೂ ಎದುರಿಗೆ ಸರಿಯಾದ ಇಂಗ್ಲಿಷ್ ವಾಕ್ಯವನ್ನೂ ಬರೆದು, ಎರಡರ ಸಂಬಂಧಸೂಚಕಗಳಿಗೆ ಅಡಿಗೆರೆ ಎಳೆಯಬೇಕು. ಒಂದು ವರ್ಷದ ಕೊನೆಗೆ ಆ ಪುಸ್ತಕವು ಅವನ ಪಾಲಿಗೆ ಯಾವ ಮುದ್ರಿತ ವ್ಯಾಕರಣಕ್ಕಿಂತಲೂ ಉಪಯುಕ್ತವಾಗುತ್ತದೆ. ಕೊನೆಯದಾಗಿ, ತಪ್ಪನ್ನು ತಿದ್ದುವಾಗ ಕಾರಣವಿದ್ದರೆ ಕಾರಣವನ್ನು ಹೇಳಬೇಕು. ಕಾರಣ ತಿಳಿಯದಿದ್ದರೆ ರೂಢಿಯೆಂದು ಒಪ್ಪಿಕೊಂಡು, ಅದಕ್ಕೆ ಸಮನಾದ ಕನ್ನಡದ ರೂಢಿಯೊಂದನ್ನು ಎದುರಿಗಿಡಬೇಕು.

ಈಗ ಆ ಹುಡುಗನ ಪ್ರಶ್ನೆಗೆ ಬೇರೊಂದು ಉತ್ತರವು ಸಾಧ್ಯ. “ನೀನು ಹೇಳಿದ್ದು ಕನ್ನಡದಲ್ಲಿ ಪೂರ್ತಿ ಸರಿ. ಕನ್ನಡದಲ್ಲಿ ಸಿಟ್ಟು ಒಬ್ಬನ ಮೇಲೆ ಬೀಳುತ್ತದೆ; ಇಂಗ್ಲಿಷಿನಲ್ಲಿ ಅದು ಒಬ್ಬನೊಡನೆ ನಡೆಯುತ್ತದೆ, ನಾವು ಜಗಳವನ್ನು ಒಬ್ಬನೊಡನೆ ಆಡುವ ಹಾಗೆ. ವ್ಯಕ್ತಿಯಾದರೆ ‘ವಿತ್’, ಸಂಗತಿಯಾದರೆ ‘ಅಟ್’ ಅಥವಾ ‘ಅಬೌಟ್’. ಅಮೆರಿಕದವರು ವ್ಯಕ್ತಿಗೂ ‘ಅಟ್’ ಎನ್ನುವುದುಂಟು.” ಇಷ್ಟನ್ನು ಹೇಳಲು ಒಂದು ನಿಮಿಷಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಆ ಒಂದು ನಿಮಿಷದಲ್ಲಿ ಹುಡುಗನು ಒಂದು ಉಪಸರ್ಗವನ್ನು ಕಲಿಯುತ್ತಾನೆ. ಅದರೊಂದಿಗೆ ತನ್ನ ಮನೆಯ ಮಾತಿಗೂ ಒಂದು ಕ್ರಮವಿದೆ, ಅದಕ್ಕಾಗಿ ತಾನು ತಲೆ ತಗ್ಗಿಸಬೇಕಾಗಿಲ್ಲ ಎಂಬುದನ್ನೂ ಕಲಿಯುತ್ತಾನೆ. ಮರುದಿನ ಅವನು ಇನ್ನೊಂದು ಪ್ರಶ್ನೆಯನ್ನು ಅಂಜಿಕೆಯಿಲ್ಲದೆ ಕೇಳಿದರೆ, ಅಧ್ಯಾಪಕರ ಆ ಒಂದು ನಿಮಿಷವು ಸಾರ್ಥಕವಾದಂತೆಯೇ ಸರಿ.